ಲೇಬಲ್ ಸುತ್ತಲಿನ ಖಾಲಿ ಉಂಗುರ

ಕೋವಿಡ್ ಮುಗಿದ ಮರುವರ್ಷದ ಮಾತು. ನಾನು ಮೆಲ್ಬರ್ನಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಕಟಿಂಗ್ ಎಂಜಿನಿಯರ್. ಸಂಗೀತವನ್ನು ಲ್ಯಾಕರ್ ಎಂಬ ಮೆತ್ತನೆಯ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯುವುದು ನನ್ನ ಕೆಲಸ. ಆ ತಟ್ಟೆಯಿಂದ ಅಚ್ಚು, ಅಚ್ಚಿನಿಂದ ವಿನೈಲ್ ರೆಕಾರ್ಡು. ಲ್ಯಾಕರಿನಲ್ಲಿ ಇದ್ದದ್ದೆಲ್ಲ ಪ್ರತಿಯೊಂದು ರೆಕಾರ್ಡಿನಲ್ಲೂ ಮೂಡುತ್ತದೆ.

ಆಗ ಒಂದು ಹಳೆಯ ಟೇಪನ್ನು ಕಟಿಂಗಿಗೆ ತಂದವನು ನಾರ್ತ್ ಸಿಡ್ನಿಯ ರಘು. ಹಗಲು ಐಟಿ ಕನ್ಸಲ್ಟೆಂಟ್, ಬಿಡುವಿನಲ್ಲಿ ಹಳೆಯ ಸಂಗೀತ ಮರುಮುದ್ರಿಸುವ ಪುಟ್ಟ ಕಂಪನಿಯ ಒಡೆಯ. ಹಿಂದೊಮ್ಮೆ ನಾನು ಮೂರು ವಾರ ಕೂತು ಶುದ್ಧ ಮಾಡಿಕೊಟ್ಟ ಬೇರೊಂದು ಟೇಪು ರೆಕಾರ್ಡಾಗಿ ಬಂದಾಗ, ಆ ಕೆಲಸಕ್ಕೆ ಕವರಿನ ಮೇಲೆ ತನ್ನ ಹೆಸರು ಹಾಕಿಕೊಂಡಿದ್ದ. ಕೇಳಿದಾಗ ನಕ್ಕಿದ್ದ. ಆ ನಗುವನ್ನು ನಾನು ಮರೆತಿರಲಿಲ್ಲ. ಆದರೂ ಒಪ್ಪಿಕೊಂಡೆ, ಈ ಟೇಪು ಅಷ್ಟು ಚೆನ್ನಾಗಿತ್ತು.

ಅದು ಘಾನಾದ ಕ್ವಾಬೆನಾ ಎಂಬ ಡ್ರಮ್ಮರ್ ಯೌವನದಲ್ಲಿ ಹ್ಯಾಂಬರ್ಗಿನಲ್ಲಿ ನುಡಿಸಿದ ತಾಳವಾದ್ಯ. ನಲವತ್ತು ನಿಮಿಷವೂ ಅವರದೇ ಕೈ. ಹಳೆಯ ಕವರಿನಲ್ಲಿ ಮಾತ್ರ ಬ್ಯಾಂಡಿನ ನಾಯಕನ ಹೆಸರೊಂದೇ. ರಘು ಅದನ್ನೇ ಮತ್ತೆ ಅಚ್ಚು ಹಾಕಿಸುತ್ತಿದ್ದ. ಕಟಿಂಗ್ ನನ್ನದೆಂಬ ಸುದ್ದಿ ತಿಳಿದು, ಸಿಡ್ನಿಯ ವೆಸ್ಟ್‌ಮೀಡಿನಲ್ಲಿ ನರ್ಸ್ ಆಗಿರುವ ಕ್ವಾಬೆನಾ ಅವರ ಮಗಳು ಅಮಾ ನನಗೆ ಫೋನ್ ಮಾಡಿದಳು. ಅಪ್ಪ ತನ್ನ ಜೊತೆಗಿದ್ದಾರೆ, ಆರೋಗ್ಯ ಸರಿಯಿಲ್ಲ, ಅವರು ಇರುವಾಗಲೇ ರೆಕಾರ್ಡಿನಲ್ಲಿ ಅವರ ಹೆಸರು ಬಂದರೆ ಸಾಕು ಎಂದಳು.

ರಘುವಿಗೆ ತಿಳಿಸಿದೆ.

"ಕವರ್ ಪ್ರಿಂಟ್‌ಗೆ ಹೋಗಾಯ್ತು ಆಂಟಿ. ಡ್ರಮ್ಮರ್ ಹೆಸ್ರು ನೋಡಿ ಯಾರ್ ತಗೋತಾರೆ? ನೀವು ಕಟ್ ಮಾಡ್ಕೊಡಿ, ಸಾಕು."

"ಸರಿ, ಮಾಡ್ಕೊಡ್ತೀನಿ," ಎಂದೆ.

ರೆಕಾರ್ಡಿನಲ್ಲಿ ಸಂಗೀತ ಮುಗಿದ ಮೇಲೆ ಲೇಬಲ್ ಸುತ್ತ ಒಂದು ಖಾಲಿ ಉಂಗುರ ಉಳಿಯುತ್ತದೆ. ನಮ್ಮ ಕಸುಬಿನಲ್ಲಿ ಅದು ಡೆಡ್ ವ್ಯಾಕ್ಸ್. ಅಲ್ಲಿ ಕ್ಯಾಟಲಾಗ್ ನಂಬರಿನ ಪಕ್ಕ ಕಟಿಂಗ್ ಎಂಜಿನಿಯರ್ ತನ್ನ ಇನಿಶಿಯಲ್ ಗೀಚುವುದು ಹಳೆಯ ರೂಢಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಾನು ನನ್ನ ಇನಿಶಿಯಲ್ ಬಿಟ್ಟು, ಎರಡೂ ಬದಿಯಲ್ಲಿ ಸೂಜಿಯಿಂದ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಗೀಚಿದೆ: ಎಲ್ಲ ಡ್ರಮ್ಮೂ ನುಡಿಸಿದವರು ಕ್ವಾಬೆನಾ. ಹೊಟ್ಟೆ ತಣ್ಣಗಾಯಿತು.

ಐನೂರು ಪ್ರತಿ ಒತ್ತುವ ಮುನ್ನ ಒಂದು ಟೆಸ್ಟ್ ಪ್ರತಿ ರಘುವಿಗೆ ಹೋಯಿತು. ಬೆಳಕಿಗೆ ಓರೆ ಹಿಡಿದಿದ್ದರೆ ಕಾಣುತ್ತಿತ್ತು. ಅವನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಸೌಂಡ್ ಸೂಪರ್ ಎಂದು ಬರೆದು ಒಪ್ಪಿಗೆಯ ಸಹಿ ಹಾಕಿದ.

ರೆಕಾರ್ಡ್ ಸಂಗ್ರಹಿಸುವವರು ಮೊದಲು ಓದುವುದೇ ಆ ಉಂಗುರವನ್ನು. ವಾರದೊಳಗೆ ಫೋಟೋಗಳು ಹರಡಿದವು. ಅಂಗಡಿಗಳಲ್ಲಿ ಜನ ಕ್ವಾಬೆನಾ ರೆಕಾರ್ಡ್ ಎಂದೇ ಕೇಳತೊಡಗಿದರು, ಕವರಿನಲ್ಲಿ ಆ ಹೆಸರು ಯಾಕಿಲ್ಲ ಎಂದು ರಘುವಿನ ನೀರಿಳಿಸಿದರು.

"ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದ ಫೋನಿನಲ್ಲಿ.

"ಹೇಳಿದ್ನಲ್ಲಪ್ಪ. ಆಮೇಲೆ ನೀನೇ ಸೈನ್ ಹಾಕ್ದೆ."

ಕೊನೆಗೆ ಉಳಿದ ಪ್ರತಿಗಳಿಗೆಲ್ಲ ಕ್ವಾಬೆನಾ ಹೆಸರಿನ ಸ್ಟಿಕ್ಕರನ್ನು ರಘು ತನ್ನ ಊಟದ ಮೇಜಿನ ಮೇಲೆ ತಾನೇ ಕೂತು ಅಂಟಿಸಿದ. ಅದನ್ನು ಕೇಳಿದ ದಿನ ನನಗೆ ಹಬ್ಬ.

ಒಂದು ಪ್ರತಿಯನ್ನು ನಾನೇ ವೆಸ್ಟ್‌ಮೀಡಿಗೆ, ಅಮಾಳ ಮನೆಗೆ ಒಯ್ದೆ. ಕ್ವಾಬೆನಾ ಅವರ ಕಣ್ಣು ಮಂಜಾಗಿತ್ತು. ಉಂಗುರವನ್ನು ಉಗುರಿನಿಂದ ಸವರುತ್ತಾ ಒಂದೊಂದೇ ಅಕ್ಷರ ಓದಿದರು. ಆಮೇಲೆ, ಇದನ್ನು ಗೀಚಿದವರ ಹೆಸರೆಲ್ಲಿ ಎಂದು ಕೇಳಿದರು.

ಸೇಡು ತೀರಿಸುವುದಾದರೆ ಕೆಲಸದಲ್ಲೇ ತೀರಿಸಬೇಕು, ಆ ಕೆಲಸ ಅಚ್ಚುಕಟ್ಟಾಗಿರಬೇಕು ಎಂದು ಈ ಕಸುಬು ನನಗೆ ಕಲಿಸಿತು. ರಘು ನನ್ನ ಹೆಸರು ನುಂಗಿದ್ದ ಆ ಹಳೆಯ ರೆಕಾರ್ಡು ಈ ವರ್ಷ ಮತ್ತೆ ಬರುತ್ತಿದೆ. ಬೇರೆ ಕಡೆ ತಿಂಗಳುಗಟ್ಟಲೆ ಕಾಯಬೇಕು, ಹಾಗಾಗಿ ನನ್ನ ಬಳಿಗೇ ಬಂದಿದ್ದಾನೆ. ಕವರಿನ ಕರಡನ್ನು ಕೇಳುವ ಮೊದಲೇ ಕಳಿಸಿದ. ಅದರಲ್ಲಿ ನನ್ನ ಹೆಸರು ಅವನ ಹೆಸರಿಗಿಂತ ಮೇಲಿದೆ. ಆದರೂ ಸೂಜಿ ಚೂಪು ಮಾಡಿಟ್ಟುಕೊಂಡಿದ್ದೇನೆ.