ಆಸಿಯಾಳ ತೂಕ

ಶಾಹೀನಾ, ನಿನ್ನ ಆಸಿಯಾಳ ತೋಳಿನ ಸುತ್ತಳತೆಯನ್ನು ನಾನು ತೆಗೆದಿರಲೇ ಇಲ್ಲ; ಮಗು ಸೊರಗಿದ್ದರೆ ತೋರಿಸಿಕೊಡುವ ಅಳತೆ ಅದು. ಮೂರು ತಿಂಗಳು — ಪುಸ್ತಕದಲ್ಲಿ ಅಂದಾಜಿನ ಮೇಲೆ ಬರೆದೆ. ನೀನು ಅಷ್ಟು ನಂಬಿದ್ದ ಅಂಗನವಾಡಿ ಟೀಚರ್ ಮಾಡಿದ ಕೆಲಸ ಅದು.

ತೂಕ ಮಾತ್ರ ನೋಡುತ್ತಿದ್ದೆ. ವರ್ಷ ತುಂಬಿದ ಮಗುವಿನದು ತಿಂಗಳಿಂದ ತಿಂಗಳಿಗೆ ಏರುತ್ತಲೇ ಇತ್ತು. ನಮ್ಮ ಕೇಂದ್ರದಲ್ಲಿ ಸೊರಗಿದ ಮಕ್ಕಳೇ ಇಲ್ಲವೆಂದು ಸೂಪರ್‌ವೈಸರ್ ಹೊಗಳಿದ್ದರು. ಆ ಹೊಗಳಿಕೆ ನನಗೆ ಬೇಕಿತ್ತು. ಆಗಲೇ ನೀನು ಮಗುವಿನ ಅಂಗಿ ಎತ್ತಿ ತೋರಿಸಿದ್ದು.

"ಟೀಚರೇ, ಹೊಟ್ಟೆ ಬಲಗಡೆ ಗಟ್ಟಿ ಐತೆ, ಕೈಕಾಲು ನೋಡಿದ್ರೆ ಕಡ್ಡಿ. ಜಗಳೂರು ಆಸ್ಪತ್ರೆಗೆ ತೋರಿಸಾಕೆ ಹೋಗ್ಲಾ?"

ಮುಟ್ಟಿ ನೋಡಿದೆ. ಗಟ್ಟಿಯೇ ಇತ್ತು. ಕೈ ತಟ್ಟನೆ ಹಿಂದಕ್ಕೆಳೆದುಕೊಂಡೆ. ಆದರೂ — "ತೂಕ ಏರ್ತಾ ಐತಲ್ಲ, ಸುಮ್ನೆ ಹೆದರಬ್ಯಾಡ" ಅಂದೆ.

ನೀನು ಹೋಗಲಿಲ್ಲ.

ಅದಾದ ಮೂರನೇ ತಿಂಗಳಿಗೆ ಮಗು ಕುಡಿದ ಹಾಲೆಲ್ಲ ಕಾರತೊಡಗಿತು, ಮಲಗಿಸಿದರೆ ಏದುಸಿರು. ದಾವಣಗೆರೆಗೆ ನಾನೂ ಜೊತೆಗೆ ಬಂದೆ. ಸ್ಕ್ಯಾನಿನಲ್ಲಿ ಲಿವರಿಗೆ ಅಂಟಿಕೊಂಡ ದೊಡ್ಡ ಗಡ್ಡೆ, ಅದರೊಳಗೆ ನೀರು ತುಂಬಿದ ಚೀಲಗಳು.

"ಇಷ್ಟು ದೊಡ್ಡದಾಗೋ ತನಕ ಯಾರಿಗೂ ತೋರಿಸ್ಲಿಲ್ವೇನಮ್ಮಾ?" ಡಾಕ್ಟರು ಕೇಳಿದರು.

ನೀನು ನನ್ನ ಮುಖ ನೋಡಿದೆ. ನಾನು ಬಾಯಿ ಬಿಡುತ್ತೇನೆಂದು ಕಾಯುತ್ತಿದ್ದೆಯೇನೋ... ಆಮೇಲೆ ನೀನೇ ತಲೆ ತಗ್ಗಿಸಿ ಹೇಳಿದೆ: "ನಂಗೆ ಗೊತ್ತಾಗ್ಲಿಲ್ಲ ಸಾರ್."

ಆಪರೇಷನ್ ಐದು ತಾಸು ನಡೆಯಿತು. ಕ್ಯಾನ್ಸರ್ ಇದ್ದರೆ? ರಕ್ತ ನಿಲ್ಲದೇ ಹೋದರೆ? ಬಾಗಿಲು ಅಲುಗಾಡಿದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಅಲ್ಲೇ, ಎಲ್ಲರ ಮುಂದೆ, ನಿಮ್ಮತ್ತೆ ಅಂದರು: "ಹೆತ್ತೋಳ ಕಣ್ಣಿಗೇ ಕಾಣ್ಲಿಲ್ಲ ನೋಡು." ಆಗಲೂ ನಾನು ಸುಮ್ಮನಿದ್ದೆ.

ಗಡ್ಡೆಯ ಜೊತೆ ಲಿವರಿನ ಒಂದು ಭಾಗವನ್ನೂ ತೆಗೆದರು. ಪರೀಕ್ಷೆಯ ವರದಿ ಬಂತು — ಕ್ಯಾನ್ಸರ್ ಅಲ್ಲ. ಲಿವರ್ ಮತ್ತೆ ಬೆಳೆದುಕೊಳ್ಳುತ್ತದೆ ಎಂದರು. ಗಡ್ಡೆಯೊಂದೇ ಒಂದೂವರೆ ಕೆಜಿ ಇತ್ತಂತೆ. ನಾನು ಹಿಗ್ಗಿ ಹಿಗ್ಗಿ ಬರೆದುಕೊಂಡಿದ್ದು ಅದರ ತೂಕವನ್ನು, ಶಾಹೀನಾ. ಮಗು ಸೊರಗುತ್ತಿತ್ತು.

ಆಸಿಯಾ ಈಗ ಶಾಲೆಗೆ ಹೋಗುತ್ತಾಳೆ, ಓಡುತ್ತಾಳೆ. ನಿಮ್ಮತ್ತೆ ಮಾತ್ರ ಆ ಮಾತು ಬಿಟ್ಟಿಲ್ಲ. ನಿನ್ನೆ ನನ್ನೆದುರೇ ಮತ್ತೆ ಅಂದರು. ನೀನು ನನ್ನ ಮುಂದೆ ಚಹಾ ಇಟ್ಟು ಒಳಗೆ ಹೋದೆ.

ನಾಳೆ ಬರುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನಿಮ್ಮತ್ತೆಯ ಎದುರು ನಿಂತು ಇಷ್ಟು ಹೇಳುತ್ತೇನೆ — ತಾಯಿಗೆ ಕಂಡಿತ್ತು, ತಾಯಿ ಕೇಳಿದ್ದಳು, ಬೇಡವೆಂದು ತಡೆದವಳು ನಾನು.