ಪುಟ್ಟಸ್ವಾಮಿಯವರ ಎಡಗೈ

ಪುಟ್ಟಸ್ವಾಮಿಯವರ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಅವರ ಎಡಗೈ. ಖಾಕಿ ಅಂಗಿಯ ತೋಳನ್ನು ಮೂರು ಮಡಿಕೆ ಮಡಚಿ, ಅಂಗೈ ಮೇಲಾಗಿ ಮೇಜಿನ ಮೇಲೆ ಇಟ್ಟ ಕೈ. ನಮ್ಮ ಮೆಡಿಕಲ್ ಕಾಲೇಜಿನ ಫಿಸಿಯಾಲಜಿ ಲ್ಯಾಬಿನಲ್ಲಿ ಅವರು ಅಟೆಂಡರ್. ಬಿ.ಪಿ. ನೋಡುವುದನ್ನು ಮೊದಲ ವರ್ಷದವರೆಲ್ಲ ಕಲಿಯುತ್ತಿದ್ದುದು ಆ ಕೈಯ ಮೇಲೆಯೇ.

ಮೊದಲ ದಿನ ನಾನು ಬಿ.ಪಿ. ಪಟ್ಟಿ ಹಿಡಿದು ಹಿಂದೆಮುಂದೆ ನೋಡುತ್ತಿದ್ದಾಗ, "ಕೈ ನಂದು ಡಾಕ್ಟ್ರಮ್ಮ, ನೀವ್ಯಾಕೆ ಹೆದರ್ಕೋತೀರಾ? ಗಟ್ಟಿಯಾಗಿ ಕಟ್ಟಿ" ಅಂದರು. ನನ್ನನ್ನು ಡಾಕ್ಟ್ರಮ್ಮ ಎಂದು ಮೊದಲು ಕರೆದವರು ಅವರೇ. ಬಿಟಿಎಂ ಲೇಔಟಿನ ಪಿಜಿಯಲ್ಲಿ ಇಡೀ ದಿನ ಯಾರೂ ನನ್ನ ಹೆಸರು ಹಿಡಿದು ಕರೆಯದ ಕಾಲ ಅದು. ಆ ಒಂದು ಮಾತಿಗಾಗಿ ಲ್ಯಾಬಿಗೆ ಬೇಗ ಹೋಗುತ್ತಿದ್ದೆ. ಅವರೂ ಒಂಟಿಯೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಶ್ರೀನಗರದ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಮಾಡಿಟ್ಟ ಅನ್ನವೇ ರಾತ್ರಿಗೂ. "ಮನೇಲಿ ಮಾತಾಡೋಕೆ ಟೀವಿ ಒಂದೇ. ಅದೂ ನಾನು ಹೇಳಿದ್ದು ಕೇಳಲ್ಲ" ಎಂದು ನಗುತ್ತಿದ್ದರು.

ಸೀನಿಯರ್‌ಗಳು ನಮಗೊಂದು ಗುಟ್ಟು ದಾಟಿಸಿದ್ದರು. "ಪುಟ್ಟಸ್ವಾಮಿ ಸಿಕ್ರೆ ನೂರಾ ಹದಿನೆಂಟು, ಎಪ್ಪತ್ತಾರು ಅಂತ ಬರ್ಕೊಂಡ್ಬಿಡು ಮಗಾ. ಅದು ಬದಲಾಗಲ್ಲ." ಯಾವ ಕಾಲದಲ್ಲಿ ಯಾರು ನೋಡಿದ್ದೋ ದೇವರೇ ಬಲ್ಲ. ನಾವೆಲ್ಲ ಕಿವಿಗೆ ಸ್ಟೆತಾಸ್ಕೋಪ್ ಸಿಕ್ಕಿಸಿ, ಗಂಭೀರವಾಗಿ ಮುಖ ಮಾಡಿ, ಅದನ್ನೇ ಬರೆಯುತ್ತಿದ್ದೆವು. ಮೇಷ್ಟ್ರೂ ಸರಿ ಎಂದು ಗುರುತು ಹಾಕುತ್ತಿದ್ದರು.

ಇಂಟರ್ನಲ್ಸ್ ಪರೀಕ್ಷೆಯ ದಿನ ಗಾಬರಿಯಲ್ಲಿ ನಾನು ಗಾಳಿ ಹೆಚ್ಚು ಒತ್ತಿಬಿಟ್ಟೆ. ಮೆಲ್ಲಗೆ ಇಳಿಸುತ್ತಾ ಬಂದರೆ ನೂರಾ ತೊಂಬತ್ತರಲ್ಲೇ ಟಪ್ ಟಪ್ ಎಂದು ಸದ್ದು ಶುರುವಾಯಿತು, ಅಂದರೆ ಮೇಲಿನ ಅಂಕಿಯೇ ಅಷ್ಟು. ಇನ್ನೊಮ್ಮೆ ನೋಡಿದೆ. ಅಷ್ಟೇ ಬಂತು. ಅಷ್ಟಿದ್ದರೆ ಯಾವ ಗಳಿಗೆಯಲ್ಲಾದರೂ ಲಕ್ವ ಹೊಡೆಯಬಹುದು ಎಂದು ನಮಗೆ ಪಾಠವಾಗಿತ್ತು. "ಸರಿಯಾಗಿ ಬಂತಾ ಡಾಕ್ಟ್ರಮ್ಮ?" ಎಂದರು. ಮೇಷ್ಟ್ರು ಪಕ್ಕದ ಮೇಜಿಗೆ ಬಂದಿದ್ದರು. ಬಂತು ಅಂದೆ. ನೂರಾ ಹದಿನೆಂಟು, ಎಪ್ಪತ್ತಾರು ಎಂದು ಬರೆದೆ. ಪೂರ್ತಿ ಅಂಕ ಸಿಕ್ಕಿತು. ನಾಚಿಕೆಗೆಟ್ಟ ಕೆಲಸ, ಇವತ್ತಿಗೂ ಹಾಗೇ ಅನ್ನುತ್ತೇನೆ.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಅವರು ಮೈಕ್ರೋಸ್ಕೋಪ್ ಒರೆಸುತ್ತಿದ್ದಾಗ ಹೋಗಿ ನಡೆದದ್ದನ್ನೆಲ್ಲ ಹೇಳಿ, ತಲೆನೋವು ಬರುತ್ತದೆಯೇ ಎಂದು ಕೇಳಿದೆ.

"ದಿನಾ ಬರತ್ತೆ. ಆದ್ರೆ ವಾರಕ್ಕೆ ನೂರು ಜನ ಡಾಕ್ಟ್ರು ನನ್ನ ನೋಡ್ತಾರಲ್ಲಮ್ಮ. ಏನಾದ್ರೂ ಇದ್ದಿದ್ರೆ ಒಬ್ರಾದ್ರೂ ಹೇಳ್ತಿರ್ಲಿಲ್ವಾ?"

ಬನ್ನಿ, ಮೇಷ್ಟ್ರಿಗೆ ತೋರಿಸೋಣ ಎಂದೆ.

ಇಬ್ಬರೂ ಮೇಷ್ಟ್ರ ಹತ್ತಿರ ಹೋದೆವು. ಬೈಗುಳ ಖಂಡಿತ ಎಂದುಕೊಂಡಿದ್ದೆ. ಅವರು ಬಾಗಿಲು ಹಾಕಿ, ತಾವೇ ಎರಡು ಸಲ ನೋಡಿ, ಪುಟ್ಟಸ್ವಾಮಿಯವರನ್ನು ಅಂದೇ ಆಸ್ಪತ್ರೆಗೆ ಕಳಿಸಿದರು. "ಲ್ಯಾಬಲ್ಲಿ ಯಾರಿಗೂ ಹೇಳ್ಬೇಡ, ಅದು ಅವ್ರ ವಿಷಯ" ಎಂದು ನನಗೆ ತಾಕೀತು ಮಾಡಿದರು. ಇನ್ನು ಮೇಲೆ ವಿದ್ಯಾರ್ಥಿಗಳು ಅವರ ಕೈಗೆ ಪಟ್ಟಿ ಕಟ್ಟಕೂಡದು ಎಂದೂ ಹೇಳಿದರು. ಎಲ್ಲವೂ ಸರಿಯೇ. ಮಾತ್ರೆ ಶುರುವಾಗಿ ತಲೆನೋವು ಹೋಯಿತು. ನಾವು ಒಬ್ಬರ ಕೈ ಒಬ್ಬರು ನೋಡಿ ಕಲಿಯತೊಡಗಿದೆವು. ಪುಟ್ಟಸ್ವಾಮಿ ತೋಳು ಇಳಿಸಿ, ಗುಂಡಿ ಹಾಕಿಕೊಂಡು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ಹುಡುಗರು ಅವರನ್ನು ದಾಟಿ ಒಳಗೆ ಹೋಗುತ್ತಿದ್ದರು.

ಕೊನೆಯ ಸಲ ಅವರು ಸಿಕ್ಕಿದ್ದು ಮೆಟ್ಟಿಲ ಹತ್ತಿರ. ನಾನಾಗ ಇಂಟರ್ನ್, ಅವರು ಆ ವಾರ ನಿವೃತ್ತರಾಗುವವರಿದ್ದರು. "ಡಾಕ್ಟ್ರಮ್ಮ, ಪಲ್ಸಾದ್ರೂ ಒಂದ್ಸಲ ನೋಡಿ" ಎಂದು ಕೈ ಚಾಚಿದರು. ಗಡಿಯಾರ ನೋಡುತ್ತಾ ಹಿಡಿದೆ. ಎಪ್ಪತ್ತೆರಡು, ಚೆನ್ನಾಗಿದೆ ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಚೆನ್ನಾಗಿದೆ ಅಂತ ನಂಗೂ ಗೊತ್ತಮ್ಮ. ನೀವೆಲ್ಲ ನೋಡೋದು ಬಿಟ್ಟ ಮೇಲೆ ಈ ಕೈ ಯಾರೂ ಹಿಡಿದಿಲ್ಲ. ಇನ್ನೊಂದು ನಿಮಿಷ ನೋಡಿ."

ನನಗೆ ವಾರ್ಡಿಗೆ ಹೊತ್ತಾಗಿತ್ತು. ನಾಳೆ ಬಂದು ನೋಡ್ತೀನಿ ಎಂದು ಬಿಟ್ಟು ಓಡಿದೆ. ನಾಳೆ ಹೋಗಲಿಲ್ಲ. ಎರಡು ವಾರ ಬಿಟ್ಟು ಹೋದಾಗ ಅವರು ಶ್ರೀನಗರದ ಮನೆಯನ್ನೂ ಖಾಲಿ ಮಾಡಿದ್ದರು. ಎಲ್ಲಿಗೆ ಹೋದರೆಂದು ಲ್ಯಾಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.