ಪ್ರೊಬೇಷನ್ ಸಾಹೇಬರು ಬರುತ್ತಿದ್ದ ಮನೆ

ಮೊನ್ನೆ ಮಧ್ಯಾಹ್ನ ಕೇಶ್ವಾಪುರದ ನನ್ನ ಹೊಲಿಗೆ ಅಂಗಡಿಗೆ ಒಬ್ಬ ಹೆಣ್ಣುಮಗಳು ಮಳೆಯಲ್ಲಿ ಬಂದಳು. ಮೈಮೇಲೆ ಗಂಡಸರ ದೊಡ್ಡ ರೇನ್‌ಕೋಟು. ಅದನ್ನು ಬಿಚ್ಚಿ ಬಾಗಿಲ ಹಿಂದೆ ತೂಗುಹಾಕಿ, ಬ್ಲೌಸಿನ ಅಳತೆ ಕೊಡಲು ನಿಂತಳು. ತುಸು ಹೊತ್ತಿಗೆಲ್ಲ ಹಸಿ ರಬ್ಬರಿನ ವಾಸನೆ ಅಂಗಡಿ ತುಂಬಿತು. ಟೇಪು ಹಿಡಿದ ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

"ಯಾಕ್ರಿ ಅಕ್ಕಾರ, ಏನಾತು?" ಅಂದಳು.

ಏನಿಲ್ಲ ಅಂದೆ. ಅಳತೆಯನ್ನು ಮತ್ತೆ ಮೊದಲಿನಿಂದ ತೆಗೆದುಕೊಂಡೆ...

ಅಂಥದೇ ಒಂದು ರೇನ್‌ಕೋಟು ಹಾಕಿಕೊಂಡು ಅವರು ಮೊದಲ ಸಲ ನಮ್ಮ ಮನೆಗೆ ಬಂದಿದ್ದರು. ಅವರು ಪ್ರೊಬೇಷನ್ ಆಫೀಸರು. ನಾವು ಸಾಹೇಬರು ಅನ್ನುತ್ತಿದ್ದೆವು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರ ಮನೆಗೆ ಹೋಗಿ, ಮನೆ ಎಂಥದು, ಅವರನ್ನು ನೋಡಿಕೊಳ್ಳುವವರು ಯಾರು ಎಂದು ತಿಳಿದುಕೊಂಡು ಹುಡುಗರ ಕೋರ್ಟಿಗೆ ವರದಿ ಕೊಡುವುದು ಅವರ ಕೆಲಸ. ಸಿಕ್ಕಿಬಿದ್ದವನು ನನ್ನ ತಮ್ಮ.

ಆಗ ಅವನಿಗೆ ಹದಿನಾರು. ವಿದ್ಯಾನಗರದಲ್ಲಿ ದವಾಖಾನೆಯೊಂದರ ಮುಂದೆ ಕೀಲಿ ಸಮೇತ ನಿಂತಿದ್ದ ಯಾರದೋ ಮೋಟಾರ್‌ಸೈಕಲ್ಲನ್ನು ತೆಗೆದುಕೊಂಡು ಹೊರಟಿದ್ದ. ಮಾರುವುದಕ್ಕಲ್ಲ, ಬರೀ ಓಡಿಸುವ ಹುಚ್ಚಿಗೆ. ನಮ್ಮ ಓಣಿಯ ತಿರುವಿನಲ್ಲಿ ಗಾಡಿ ಹಿಡಿತಕ್ಕೆ ಸಿಗಲಿಲ್ಲ. ಎದುರಿಗೆ ಬರುತ್ತಿದ್ದವರು ಓಣಿಯ ಕಡೆಯ ಮನೆಯ ಕಾಕೂ, ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುತ್ತಿದ್ದ ಹೆಂಗಸು. ಅವರ ಬಲಗೈ ಮುರಿಯಿತು. ಮುಂದೆ ಆ ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ.

ಅವ್ವ ತೀರಿಕೊಂಡು ಆಗಲೇ ಎಷ್ಟೋ ವರ್ಷಗಳಾಗಿದ್ದವು. ಮನೆಯಲ್ಲಿ ಅಪ್ಪ, ನಾನು, ತಮ್ಮ. ಅಪ್ಪ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಲೇಥ್ ಮಷೀನಿನ ಟರ್ನರ್. ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಕೆಳದನಿಯಲ್ಲಿ ಹಾಡುತ್ತಿದ್ದರು. ಅವರ ದನಿ ಇಲ್ಲದಿದ್ದರೆ ಹಾಡು ನೆಲ ಬಿಟ್ಟಂತಾಗುತ್ತದೆ ಅಂತ ಎಲ್ಲರೂ ಹೇಳುವರು. ತಮ್ಮನ ಪ್ರಕರಣವಾದ ಮೇಲೆ ಅಪ್ಪ ಚರ್ಚಿಗೆ ಹೋಗುವುದನ್ನೇ ಬಿಟ್ಟರು. ಸಭಾಪಾಲಕರು ಒಂದು ಸಲ ಬಂದು ಪ್ರಾರ್ಥನೆ ಮಾಡಿ ಹೋದರು. ಮತ್ತೆ ಯಾರೂ ಬರಲಿಲ್ಲ. ಯಾರೂ ನಮ್ಮನ್ನು ಬೈಯಲೂ ಇಲ್ಲ. ನಳದ ಹತ್ತಿರ ನಾನು ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು, ನಾನು ಹೊರಟ ಮೇಲೆ ಮತ್ತೆ ಶುರುವಾಗುತ್ತಿತ್ತು. ಬೈದಿದ್ದರೆ ಎಷ್ಟೋ ಛಲೋ ಇರುತ್ತಿತ್ತು.

ಅಂಥ ದಿನಗಳಲ್ಲಿ ಯಾರೋ ಬಾಗಿಲು ಬಡಿದದ್ದು ಕೇಳಿ ನಾನು ಬೆಚ್ಚಿಬಿದ್ದೆ. ಬಾಗಿಲಲ್ಲಿ ನೀರು ಸುರಿಸುತ್ತ ನಿಂತಿದ್ದವರು ಐವತ್ತರ ಆಸುಪಾಸಿನ ಒಬ್ಬರು, ಹಣೆಗೆ ವಿಭೂತಿ, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಫೈಲು. ಯಾರೆಂದು ಹೇಳುವ ಮೊದಲು, "ಈ ರೇನ್‌ಕೋಟ್ ಎಲ್ಲಿ ಹಾಕ್ಲೆವಾ? ಮನಿ ಎಲ್ಲಾ ತೊಯಿಸಿಬಿಡ್ತೇನಿ ನೋಡು," ಅಂದರು.

ಒಳಗೆ ಬಂದವರು ಸಾಮಾನು ಸರಂಜಾಮು ಏನನ್ನೂ ನೋಡಲಿಲ್ಲ. "ಹುಡುಗ ಎಲ್ಲಿ ಮಕ್ಕೋತಾನ?" ಅಂತ ಕೇಳಿದರು. ತಮ್ಮ ಆಗ ಇನ್ನೂ ರಿಮಾಂಡ್ ಹೋಮಿನಲ್ಲಿದ್ದ. ಅಡುಗೆಮನೆಯ ಪಕ್ಕದ ಜಾಗ ತೋರಿಸಿದೆ. ಅಲ್ಲಿ ಹಾಸಿಗೆ ಇರಲಿಲ್ಲ. ಅಪ್ಪ ಅದನ್ನು ಸುತ್ತಿ, ಹಗ್ಗ ಬಿಗಿದು ಅಟ್ಟದ ಮೇಲೆ ಎಸೆದಿದ್ದರು. ಸಾಹೇಬರು ತಲೆಯೆತ್ತಿ ಆ ಹಗ್ಗವನ್ನು ಬಹಳ ಹೊತ್ತು ನೋಡಿದರು.

"ಅವನ್ನ ಅಲ್ಲೇ ಇಟ್ಕೊಳ್ರಿ ಸಾಹೇಬ್ರ," ಅಪ್ಪ ಅಂದರು. "ನನಗ ಮಗ ಇಲ್ಲಂತ ಬರಕೊಳ್ರಿ."

"ಹಂಗ ಬರ್ಯಾಕ ಬರೂದಿಲ್ರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅವ ಬೇಕೋ ಬ್ಯಾಡೋ ಅಂತ ನಾ ಕೇಳಾಕತ್ತಿಲ್ಲ. ಮನಿಗೆ ಬಂದ್ರ ಅವನ್ನ ಊಟಕ್ಕ ಕರ್ಯಾವ್ರು ಯಾರು? ಅಷ್ಟ ಹೇಳ್ರಿ. ಯಾರೂ ಇಲ್ಲಂದ್ರ ನಾ ಹಂಗ ವರದಿ ಕೊಡಬೇಕಾಗ್ತೈತಿ. ಅವನ್ನ ದೂರ ಕಳಸ್ತಾರ."

ಹೊರಗೆ ಮಳೆ ಹಂಚಿನಿಂದ ಇಳಿಯುತ್ತಿತ್ತು. ಅಪ್ಪ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಅಡುಗೆಮನೆಯ ಪರದೆ ಹಿಡಿದುಕೊಂಡು ಕಾದೆ. ಆಮೇಲೆ ನನ್ನ ದನಿ ನನಗೇ ಕೇಳಿಸಿತು.

"ನಾ ಕರೀತೇನ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. "ನಿನ್ನ ಮದುವಿ ಮಾತು ಏನರ ನಡದೈತೇನವಾ?"

"ನಡದಿತ್ರಿ," ಅಂದೆ. ಗದಗಿನ ಗಂಡಿನ ಕಡೆಯವರು ಈ ಸುದ್ದಿ ಮುಟ್ಟಿದ ಮೇಲೆ ಸುಮ್ಮನಾಗಿದ್ದರು. ಅದನ್ನು ನಾನು ಬಿಡಿಸಿ ಹೇಳಲಿಲ್ಲ, ಅವರೂ ಕೇಳಲಿಲ್ಲ. "ವಿಚಾರ ಮಾಡಿ ಹೇಳು. ಇದು ಒಂದಿನದ ಕೆಲಸ ಅಲ್ಲ," ಅಂದರು ಅಷ್ಟೇ.

"ಮಾಡೇನ್ರಿ ವಿಚಾರ."

ಸಾಹೇಬರು ಚಾಚಿದ ಕಾಗದಕ್ಕೆ ಅಪ್ಪ ತಲೆಯೆತ್ತದೆ ಸಹಿ ಹಾಕಿದರು. ಸಾಹೇಬರು ಹೋದ ಮೇಲೆ ನಾನು ಸ್ಟೂಲು ಹತ್ತಿ ಹಾಸಿಗೆ ಇಳಿಸಿದೆ.

ತಮ್ಮ ಮನೆಗೆ ಬಂದ. ಸಾಹೇಬರ ಮೇಲ್ವಿಚಾರಣೆಯಲ್ಲಿರಬೇಕು ಅಂತ ಆದೇಶವಾಗಿತ್ತು. ತಿಂಗಳಿಗೊಮ್ಮೆ ಅವರು ಧಾರವಾಡದಿಂದ ಬಸ್ಸಿಗೆ ಬಂದು, ಸ್ಟಾಪಿನಿಂದ ನಡೆದು ನಮ್ಮ ಓಣಿಗೆ ಬರುತ್ತಿದ್ದರು. ಮೊದಲು ತಮ್ಮನ ಜೊತೆ ಹಿತ್ತಲ ಮೆಟ್ಟಿಲ ಮೇಲೆ ಕೂಡುವರು. ಆಮೇಲೆ ಅಪ್ಪನ ಎದುರು. ಎಲ್ಲ ಮುಗಿದು ಚಪ್ಪಲಿ ಮೆಟ್ಟಿದ ಮೇಲೆ ಬಾಗಿಲಲ್ಲಿ ನಿಂತು ನನ್ನನ್ನು ಕೇಳುವರು: "ಮತ್ತ ನಿಂದು ಹೆಂಗವಾ?"

"ನಂದೇನೈತ್ರಿ, ಆರಾಮ," ಅನ್ನುತ್ತಿದ್ದೆ. ಆದರೂ ಅವರು ತಕ್ಷಣ ಹೊರಡುತ್ತಿರಲಿಲ್ಲ. ಉತ್ತರ ಇನ್ನೂ ಬಾಕಿ ಇದೆ ಅನ್ನುವ ಹಾಗೆ ತುಸು ನಿಲ್ಲುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಮುಂಜಾನಿಂದ ಸಂಜೀತನಕ ನನ್ನ ಕೂಡ ಮಾತಾಡಾವ್ರು ಯಾರೂ ಇಲ್ರಿ, ಹೊಲಿಗಿ ಮಷೀನಿನ ಕೂಡ ಮಾತಾಡಾಕತ್ತೇನಿ ಅಂದುಬಿಟ್ಟೆ. ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಬುದ್ಧಿಮಾತೂ ಹೇಳಲಿಲ್ಲ. ಮತ್ತೆ ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂತು, "ಹೇಳವಾ," ಅಂದರು. ಅಂದು ಅವರಿಗೆ ಒಂದು ಬಸ್ಸು ತಪ್ಪಿತು.

ಇನ್ನೊಂದು ಸಲ, "ಆ ಕಾಕೂನ ಮನಿಗೆ ಯಾರರ ಹೋಗಿ ಬಂದೀರೇನು?" ಅಂದರು. ಯಾರೂ ಹೋಗಿರಲಿಲ್ಲ. ಮರುದಿನ ಧೈರ್ಯ ಮಾಡಿ ನಾನು ಹೋದೆ. ಕಾಕೂ ಬಾಗಿಲಲ್ಲೇ ನಿಂತು ನನ್ನ ಮಾತು ಪೂರ್ತಿ ಕೇಳಿದರು. "ನಿನ್ನ ಮ್ಯಾಲೆ ನನಗೇನೂ ಸಿಟ್ಟಿಲ್ಲ ತಂಗಿ. ಆದ್ರ ನಿನ್ನ ಮಾರಿ ನೋಡಿದ್ರ ನನಗ ಕೈ ನೆನಪಾಗ್ತೈತಿ. ಬರಬ್ಯಾಡ," ಅಂದು ಬಾಗಿಲು ಮುಂದೆ ಮಾಡಿಕೊಂಡರು. ಸಾಹೇಬರಿಗೆ ಅದನ್ನು ಹೇಳಿದಾಗ ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. "ಆಕಿ ಅಂದದ್ದು ಖರೇ ಐತಿ. ಅದನ್ನ ನಾವು ಕೇಳಿಸ್ಕೋಬೇಕು," ಅಂದರು. ನೀವು ಅನ್ನಲಿಲ್ಲ, ನಾವು ಅಂದರು.

ಅಪ್ಪ ಮಾತ್ರ ತಮ್ಮನೊಡನೆ ಮಾತು ಬಿಟ್ಟವರು ಬಿಟ್ಟೇ ಇದ್ದರು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರ ನೆರಳಿಗೊಬ್ಬರು ಸಿಗದಂತೆ ಓಡಾಡುತ್ತಿದ್ದರು. ಸಾಹೇಬರು ಕಾರ್ಖಾನೆಯ ಮಾಲಕರನ್ನು ಕಂಡು ಬಂದು ಅಪ್ಪನಿಗೆ ಹೇಳಿದರು: "ನಿಮ್ಮ ಕೈಯಾಗಿನ ಕೆಲಸ ಅವಂಗ ಕಲಸ್ರಿ. ಮಾತಾಡೂದು ಬ್ಯಾಡ್ರಿ, ಕಲಸಿದ್ರ ಸಾಕು." ಕೆಲವು ದಿನ ಹಾಗೇ ಹೋದವು. ಒಂದು ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದಾಗ ಅಪ್ಪ ತಮ್ಮನ ಹಾಸಿಗೆಯ ಹತ್ತಿರ ಬಂದು ನಿಂತರು.

"ಏಳು. ತಾರಿಹಾಳ ಬಸ್ ಹೋಗಿಬಿಡ್ತೈತಿ."

ತಮ್ಮ ಎದ್ದು ಕೂತು, ಗಾಬರಿಯಿಂದ ನನ್ನ ಮುಖ ನೋಡಿದ. ನಾನು ಎರಡು ಡಬ್ಬಿ ಕಟ್ಟಿದೆ. ಅವರಿಬ್ಬರೂ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ಹೋಗುವುದನ್ನು ನೋಡುತ್ತ ನಿಂತವಳು ಒಳಗೆ ಬಂದೆ. ಮನೆ ಮೊದಲಿಗಿಂತ ಖಾಲಿಯಾಗಿತ್ತು.

ಆ ವರ್ಷದ ಕ್ರಿಸ್ಮಸ್ಸಿಗೆ ರೂಢಿಯಂತೆ ಕರ್ಜಿಕಾಯಿ ಮಾಡಿದ್ದೆ. ನಾನು ತಟ್ಟೆಗಳನ್ನು ಮುಚ್ಚಿ ಓಣಿಯ ಮನೆಗಳಿಗೆ ಕಳಿಸಲಿಲ್ಲ, ಯಾರ ಮನೆಯಿಂದಲೂ ಬರಲಿಲ್ಲ. ಹಬ್ಬ ಕಳೆದ ಮೇಲೆ ಸಾಹೇಬರು ಬಂದರು. ನಮ್ಮ ಮನೆಯಲ್ಲಿ ಅವರು ಎಂದೂ ಏನೂ ತಿಂದವರಲ್ಲ. ಅದು ಅವರ ನೌಕರಿಯ ನೇಮ. ನಾನೂ ಕೊಡಲು ಹೋಗಲಿಲ್ಲ. ಅವರೇ ಜಾಳಿಗೆ ಕಪಾಟಿನ ಕಡೆ ನೋಡಿ, "ಹಬ್ಬದ್ದು ಏನೂ ಉಳದಿಲ್ಲೇನವಾ?" ಅಂತ ಕೇಳಿದರು. ಕೊಟ್ಟೆ. ಕರ್ಜಿಕಾಯಿ ಗಟ್ಟಿಯಾಗಿಬಿಟ್ಟಿತ್ತು. ಅಂಗಿಯ ಮೇಲೆ ಪುಡಿ ಉದುರಿಸಿಕೊಳ್ಳುತ್ತ ನಿಧಾನಕ್ಕೆ ತಿಂದರು. ಆ ಹಬ್ಬಕ್ಕೆ ನಮ್ಮ ಮನೆಗೆ ಬಂದ ಅತಿಥಿ ಅವರೊಬ್ಬರೇ.

ಆದೇಶದ ಅವಧಿ ಮುಗಿಯಿತು. ಕಡೆಯ ಸಲ ಬಂದಾಗ, "ಇನ್ನ ನಾ ಬರೂ ಹಂಗಿಲ್ಲ. ನಾ ಬರ್ಲಿಲ್ಲಂದ್ರ ಎಲ್ಲಾ ಛಲೋ ಆತಂತ ತಿಳ್ಕೋಬೇಕು," ಅಂದು ನಕ್ಕರು. ಅಪ್ಪ ಕೈ ಮುಗಿದರು. ತಮ್ಮ ಅವರ ಕಾಲು ಮುಟ್ಟಿದ. ನಾನೂ ನಕ್ಕೆ. ಮುಂದಿನ ತಿಂಗಳು ಅವರು ಬರುವ ಹೊತ್ತಿಗೆ ಅಂಗಳ ಗುಡಿಸಿ, ಕುರ್ಚಿ ಒರೆಸಿ ಇಟ್ಟೆ. ಸಂಜೆಯಾದ ಮೇಲೆ ಕುರ್ಚಿಯನ್ನು ಒಳಗೆ ಎಳೆದುಕೊಂಡೆ.

ತಮ್ಮ ಕೆಲಸ ಕಲಿತು ಪುಣೆಗೆ ಹೋದ. ಮದುವೆಯಾದ, ಒಬ್ಬಳು ಮಗಳು. ಅಪ್ಪ ಮತ್ತೆ ಚರ್ಚಿನಲ್ಲಿ ಹಾಡಿದರು, ಆಮೇಲೆ ತೀರಿಕೊಂಡರು. ನನಗೆ ಮದುವೆಯ ಮಾತು ಮತ್ತೆ ಬರಲಿಲ್ಲ. ಬಂದಿದ್ದರೂ... ಇರಲಿ.

ಹೋದ ವರ್ಷ ಪೇಪರಿನ ಮೂಲೆಯಲ್ಲಿ ಅವರ ಸಣ್ಣ ಫೋಟೋ ಕಂಡಿತು. ನಿಧನ. ಅಂತ್ಯಕ್ರಿಯೆ ಧಾರವಾಡದಲ್ಲಿ, ಅಂದೇ ಮಧ್ಯಾಹ್ನ. ತಮ್ಮನಿಗೆ ಫೋನು ಮಾಡಿದೆ. ಆ ಕಡೆ ಮಷೀನುಗಳ ಸದ್ದು. ಅವನು ಹೊರಗೆ ಬಂದಿರಬೇಕು, ಸದ್ದು ಕಡಿಮೆಯಾಯಿತು.

"ನೀ ಹೋಗಿ ಬಾ ಅಕ್ಕಾ," ಅಂದ. ಆಮೇಲೆ ತಡವರಿಸಿ, "ನನ್ನ ಹೆಸರು ಹೇಳಬ್ಯಾಡ. ಇಲ್ಲಿ ನನ್ನ ಹೇಣ್ತಿಗೆ ಏನೂ ಗೊತ್ತಿಲ್ಲ."

ನಾನು ಧಾರವಾಡ ಮುಟ್ಟಿದಾಗ, ಅವರ ಮಂದಿಯ ರೂಢಿಯಂತೆ ದೇಹವನ್ನು ಅಂಗಳದಲ್ಲಿ ಕೂಡಿಸಿ ಹೂವು ಹಾಕಿದ್ದರು. ಹಣೆಯ ತುಂಬ ವಿಭೂತಿ. ಹೂವಿಟ್ಟು ಕೈ ಮುಗಿದೆ. ಅತ್ತು ಅತ್ತು ಕಣ್ಣು ಬಾತಿದ್ದ ಅವರ ಮಗಳು ನನ್ನ ಕೈ ಹಿಡಿದುಕೊಂಡು, "ನೀವು ಯಾರಂತ ಗೊತ್ತಾಗ್ಲಿಲ್ರಿ. ಆಫೀಸ್‌ನ್ಯಾಗ ಇದ್ರೇನ್ರಿ?" ಅಂದರು.

ಏನು ಹೇಳಲಿ? ನಿಮ್ಮಪ್ಪ ನಮ್ಮ ಮನೆಗೆ ಯಾಕೆ ಬರುತ್ತಿದ್ದರು ಅಂತ ಹೇಳಲಿ? "ಪರಿಚಯ ಇತ್ರಿ," ಅಂದೆ. ಆಕೆ ತಲೆಯಾಡಿಸಿ ಮುಂದಿನವರ ಕಡೆ ಹೋದರು.

ಬಂಧುಗಳು, ನೌಕರಿಯವರು ಗುಂಪುಗುಂಪಾಗಿ ಅವರ ಬಗ್ಗೆ ಮಾತಾಡುತ್ತಿದ್ದರು. ನಾನು ಕಂಪೌಂಡಿನ ಗೋಡೆಯ ಬದಿಗೆ ಸರಿದೆ. ಅಲ್ಲಿ ಇನ್ನೂ ಕೆಲವರಿದ್ದರು. ಕೈಗೆ ಗ್ರೀಸು ಮೆತ್ತಿದ ಒಬ್ಬ ಆಳು. ಬುರ್ಖಾದ ಒಬ್ಬ ವಯಸ್ಸಾದ ಹೆಂಗಸು. ಇಸ್ತ್ರಿ ಅಂಗಿಯ ಒಬ್ಬ ತರುಣ, ಕಣ್ಣು ಒರೆಸಿಕೊಳ್ಳುತ್ತಲೇ ಇದ್ದ. ಒಬ್ಬರ ಜೊತೆ ಒಬ್ಬರಿಲ್ಲ. ಯಾರೋ ಮನೆಯವರು ಬಂದು ಆ ಹೆಂಗಸನ್ನು ಯಾರ್ರಿ ಅಂತ ಕೇಳಿದ್ದು ನನಗೆ ಕೇಳಿಸಿತು.

"ಪೈಚಾನ ಇತ್ರಿ," ಅಂದಳು ಆಕೆ, ನೆಲ ನೋಡುತ್ತ. ಪರಿಚಯ ಅಂತ ನಾನು ಅಂದದ್ದೇ ಮಾತು.

ನಾನು ಆಕೆಯನ್ನು ನೋಡಿದೆ, ಆಕೆ ನನ್ನನ್ನು ನೋಡಿದಳು. ಎರಡು ಹೆಜ್ಜೆ ಮುಂದೆ ಹೋಗಿದ್ದರೆ ಮಾತಾಡಬಹುದಿತ್ತು. ಸಾಹೇಬ್ರು ನಿಮ್ಮ ಮನಿಗೂ ಬರತಿದ್ರೇನ್ರಿ ಅಂತ ಕೇಳಬಹುದಿತ್ತು. ಅಷ್ಟರಲ್ಲಿ ಅವರನ್ನು ಕೂಡಿಸಿದ ಹೂವಿನ ವಿಮಾನವನ್ನು ಹೆಗಲಿಗೆ ಎತ್ತಿದರು, ಎಲ್ಲರೂ ಹೊರಟರು.

ಅಪ್ಪ ಹೋದಾಗ ಓಣಿಯ ಮಂದಿಯೆಲ್ಲ ಬಂದು ನನ್ನ ಕೂಡ ಅತ್ತಿದ್ದರು. ಸಾಹೇಬರು ಹೋಗಿ ವರ್ಷವಾಯಿತು. ಅವರು ಹೋದರು ಅಂತ ನಾನು ಇನ್ನೂ ಯಾರ ಮುಂದೂ ಬಾಯಿಬಿಟ್ಟು ಹೇಳಿಲ್ಲ.